ಕೇಳಿಸುತ್ತದಂತೆ, ಸಾರ್

9 ಜೂನ್ 2025, ಸೋಮವಾರ. ಮಧ್ಯಾಹ್ನ 2:30

ಊಟದ ಡಬ್ಬಿ ಈಗ ತೆರೆದೆ. ಬೆಳಿಗ್ಗೆಯಿಂದ ನಲವತ್ತೊಂದು ಓಪಿ ಪೇಷಂಟು. ಸೋಮವಾರ ಬಂದರೆ ಹೀಗೇ. ಕೋಸಗಿ, ಎಮ್ಮಿಗನೂರು, ಆಂಧ್ರ ಗಡಿಯ ಸುತ್ತಲ ಹಳ್ಳಿ ಎಲ್ಲ ಆದೋನಿಯ ಈ ಮಾನಸಿಕ ಕ್ಲಿನಿಕ್ಕಿಗೇ ಇಳಿಯುತ್ತವೆ.

ಚೀಟಿ ಬರೆಯುವುದು, ಬಿಪಿ ನೋಡುವುದು ನನ್ನ ಕೆಲಸ. ಆದರೆ ನಮ್ಮ ಡಾಕ್ಟರು ಕೃಷ್ಣಾ ಜಿಲ್ಲೆಯವರು, ಕನ್ನಡ ಬಾರದು. ಕನ್ನಡದವರು ಬಂದರೆ ಒಳಗಿನಿಂದ "ಮಹೇಶ್ವರಿ ಗಾರೂ" ಎಂದು ಕೂಗು. ಹೋಗಿ ನಿಂತು ತೆಲುಗಿನಲ್ಲಿ ಹೇಳಬೇಕು. ಹೊರಗೆ ಕ್ಯೂ ಬೈಯುತ್ತಿರುತ್ತದೆ. ಒಳಗೆ ಪೇಷಂಟು ಹುಟ್ಟಿದಾಗಿನಿಂದ ಶುರು ಮಾಡಿರುತ್ತಾರೆ.

ಇವತ್ತು ಒಬ್ಬಾಕೆ, ಉರುಕುಂದಮ್ಮ, ನಲವತ್ತೈದು, ಕೋಸಗಿ ಹತ್ತಿರದ ಹಳ್ಳಿ. ಗಂಡ ಸುಂಕಣ್ಣ ಕರೆತಂದಿದ್ದ. ಕುರಿ ಇವೆ, ಪ್ರತಿ ವರ್ಷ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲೂ ಹೋಗುತ್ತಾರೆ. ಆಕೆಗೆ ಕೂಲಿಗೆ ಬೇಕಾದಷ್ಟು ತೆಲುಗು ಬರುತ್ತದೆ, ಮನಸ್ಸಿನದು ಹೇಳುವಷ್ಟು ಬಾರದು. ಗಂಡನದು ನೀಟ್ ತೆಲುಗು. "ಬಿಡ್ಡ ಮಾಕು ಚಚ್ಚಿಪೋಯಿಂದಿ ಸಾರ್" ಅಂದ. ಮಗಳು ಸತ್ತಳಂತೆ. ಅಂದಿನಿಂದ ಈಕೆಗೆ ನಿದ್ದೆಯಿಲ್ಲ, ಊಟವಿಲ್ಲ. ಟ್ರೇನ್ ಟೈಮಿಗೆ ಎದ್ದು ಕೋಸಗಿ ಸ್ಟೇಷನ್ನಿಗೆ ನಡೆಯುತ್ತಾಳೆ. ಒಬ್ಬಳೇ ಮಾತಾಡುತ್ತಾಳೆ.

ಡಾಕ್ಟರು: ಕಿವಿಯಲ್ಲಿ ಮಾತು ಕೇಳಿಸುತ್ತದಾ, ಕೇಳಿ.

ಕೇಳಿದೆ.

"ಕೇಳಿಸ್ತೈತಮ್ಮ. ನಾನೇನ್ ಕೆಪ್ಪೇನು? ಆಕಿ ಸತ್ತಿಲ್ಲ. ನನ್ನ ಜೋಡಿ ಮಾತಾಡ್ತಾಳ. ಟ್ರೇನಿಗೆ ಬರ್ತೀನಿ ಅಂದಾಳ."

"ಕೇಳಿಸುತ್ತದಂತೆ, ಸಾರ್. ಮಗಳು ಸತ್ತಿಲ್ಲ, ಮಾತಾಡುತ್ತಾಳೆ, ಬರುತ್ತೇನೆ ಅಂದಳು ಅಂತಾರೆ."

"ಬೆನ್ನ ಹಿಂದೆ ಯಾರಾದರೂ ಮಾತಾಡಿಕೊಳ್ಳುತ್ತಾರಾ, ಕೇಳಿ."

"ಊರಿಗೆ ಊರೇ ಮಾತಾಡ್ತೈತಿ. ನೀರಿಗೆ ಹೋದ್ರೂ ಮಾತಾಡ್ತಾರ."

ಅದನ್ನೂ ಹೇಳಿದೆ. ಆಕೆ ಇನ್ನೂ ಏನೋ ಹೇಳುತ್ತಿದ್ದಳು, ಉದ್ದಕ್ಕೆ. ಡಾಕ್ಟರು ಕೈ ಎತ್ತಿದರು, ಪೆನ್ನು ಆಗಲೇ ಮಾತ್ರೆ ಬರೆಯುತ್ತಿತ್ತು. ನಾನೂ ಬಿಟ್ಟೆ. ನಾಲ್ಕು ನಿಮಿಷ. ಮುಂದಿನ ಚೀಟಿ.

ಅನ್ನ ಆರಿ ಹೋಗಿದೆ.

23 ಜೂನ್, ಸೋಮವಾರ. ಸಂಜೆ

ಉರುಕುಂದಮ್ಮ ರಿವ್ಯೂ. ಸುಂಕಣ್ಣನ ಮುಖ ಅರಳಿತ್ತು. "ಈಗ ಭಾಳ ಚಲೋ ಅದಾಳ ಮೇಡಂ. ಕುಂದ್ರು ಅಂದಲ್ಲೆ ಕುಂದ್ರತಾಳ. ಸ್ಟೇಷನ್ ಸುದ್ದಿ ಇಲ್ಲ." ಡಾಕ್ಟರು ಡೋಸ್ ಸ್ವಲ್ಪ ಏರಿಸಿದರು. ಆಕೆ ಏನೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಖುಷಿಯೇ ಆಯಿತು. ಮಾತ್ರೆ ಬೇಡ, ಬರೀ ಗಾಳಿ ಸೋಕು ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನ ತಮ್ಮ ಹರೀಶನನ್ನು ಅದೇ ಮಾತು ಕೇಳಿ ಗುಡಿಯ ಕಂಬಕ್ಕೆ ಕಟ್ಟಿಸಿದ್ದೆವು. ನಾನೂ ಒಂದು ಕೈ ಹಿಡಿದಿದ್ದೆ. ಇಪ್ಪತ್ತು ವರ್ಷದ ಹುಡುಗ ಆಗ. ಕಾಲಿನ ಗಾಯ ಮಾಯಲು ಎರಡು ತಿಂಗಳು. ಆಮೇಲೆ ಈ ಡಾಕ್ಟರ ಮಾತ್ರೆ. ಆರು ವರ್ಷ ಆಯಿತು. ಬಸ್‌ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿದ್ದಾನೆ. ತಲೆ ಬಾಚಿಕೊಂಡು ಹೋಗುತ್ತಾನೆ. ಈ ಕ್ಲಿನಿಕ್ಕಿಗೆ ನಾನು ಕೆಲಸಕ್ಕೆ ಸೇರಿದ್ದೂ ಅದಕ್ಕೇ.

14 ಜುಲೈ, ಸೋಮವಾರ. ಮಧ್ಯಾಹ್ನ 3

ಇದನ್ನು ಈಗಲೇ ಬರೆಯಲೇಬೇಕು.

ಉರುಕುಂದಮ್ಮ ಮತ್ತೆ ಬಂದಳು. ಗುರುತು ಸಿಗಲಿಲ್ಲ. ಗೊಂಬೆ ನಡೆದ ಹಾಗೆ ಸಣ್ಣ ಸಣ್ಣ ಹೆಜ್ಜೆ. ಬಾಯಿಯಿಂದ ಜೊಲ್ಲು. ಬಲಗೈ ಬೆರಳು ಜಪಮಣಿ ಎಣಿಸುವಂತೆ ತಾನೇ ಆಡುತ್ತಿದೆ. ಕಣ್ಣು ಮಿಟುಕಿಸುವುದೇ ಇಲ್ಲ. ಇದು ಮಾತ್ರೆಯ ಸೈಡ್ ಎಫೆಕ್ಟ್ ಎಂದು ನನಗೂ ಗೊತ್ತು, ನೋಡಿದ್ದೇನೆ.

ಸುಂಕಣ್ಣ ಚಹಾಕ್ಕೆ ಹೋದ. ಬಿಪಿ ಪಟ್ಟಿ ಸುತ್ತುತ್ತಿದ್ದೆ. ಆಕೆ ನಿಧಾನಕ್ಕೆ, ಒಂದೊಂದೇ ಮಾತು ಕಿತ್ತು ಕಿತ್ತು —

"ಯಮ್ಮಾ... ಒಂದು ಫೋನ್ ಹಚ್ಚಿ ಕೊಡ್ತೀ?"

"ಯಾರಿಗೆ?"

"ನನ್ನ ಮಗಳಿಗೆ. ಭುವನಾಗ."

ಪಾಪ ಅನಿಸಿತು, ದೇವರಾಣೆ ಅಷ್ಟೇ ಅನಿಸಿತು. ಆಕೆ ಎಲೆಅಡಿಕೆ ಚೀಲದಿಂದ ಮಡಚಿದ ಬೀಡಿ ಕಟ್ಟಿನ ಕಾಗದ ತೆಗೆದಳು. ಹತ್ತು ಅಂಕಿ, ಬಾಲ್‌ಪೆನ್ನಿನಲ್ಲಿ. ಸುಮ್ಮನೆ ಸಮಾಧಾನಕ್ಕೆ ಒತ್ತಿದೆ.

ಎರಡು ರಿಂಗ್. "ಹಲೋ ಯಾರ್ರಿ?" ಹುಡುಗಿಯ ದನಿ.

"ನೀನು... ಭುವನಾ ಏನಮ್ಮ?"

"ಹೌದ್ರಿ. ನೀವ್ಯಾರು?"

ಯಾರೆಂದು ಹೇಳಿದೆ. ಬದುಕಿದ್ದಾಳೆ. ಗುಂತಕಲ್ಲಿನಲ್ಲಿದ್ದಾಳೆ. ಮೆಣಸಿನಕಾಯಿ ಹೊಲದಲ್ಲಿ ಪರಿಚಯವಾದ ಬಾಲರಾಜ್ ಎಂಬುವನನ್ನು ಫೆಬ್ರವರಿಯಲ್ಲಿ ಮದುವೆಯಾದಳು. ಬೇರೆ ಜಾತಿ. ಇವಳಿಗೆ ಹತ್ತೊಂಬತ್ತು ವರ್ಷ. ದಿನಾ ಅವ್ವನಿಗೆ ಫೋನ್ ಮಾಡುತ್ತಿದ್ದಳು. "ಟ್ರೇನಿಗೆ ಬಂದು ನೋಡಿ ಹೋಗ್ತೀನಿ ಅಂದಿದ್ನಿ ಅಕ್ಕ. ಅಪ್ಪಗ ಗೊತ್ತಾಗಿ ಫೋನ್ ಕಸಗೊಂಡ. ಬಂದ್ರ ಕಾಲು ಮುರೀತೀನಿ ಅಂದ. ಅವ್ವ ಹ್ಯಾಂಗದಾಳಕ್ಕ?"

ಫೋನನ್ನು ಆಕೆಯ ಕಿವಿಗೆ ಹಿಡಿದೆ. "ಯವ್ವಾ, ಯವ್ವಾ" ಎಂದು ಆ ಕಡೆಯಿಂದ ಅಳು. ಈಕೆ "ಹೂಂ" ಅಂದಳು. ಅಷ್ಟೇ. ಇನ್ನೇನೋ ಹೇಳಲು ಬಾಯಿ ತೆರೆದಳು, ನಾಲಗೆ ಏಳಲಿಲ್ಲ.

ಈಗ ನೆನಪಾಗುತ್ತಿದೆ, ಅವತ್ತು ನಾನು ಬಿಟ್ಟದ್ದು ಏನು ಅಂತ. "ಫೋನ್ ಕಿತ್ತುಗೊಂಡಾರಮ್ಮ, ಅದಕ್ಕೇ ಸ್ಟೇಷನ್ನಿಗೆ ಹೋಗ್ತೀನಿ." ಅದು. ಆ ಒಂದು ಮಾತು ತೆಲುಗಿಗೆ ಹೋಗಲಿಲ್ಲ.

ಮತ್ತೆ ಸುಂಕಣ್ಣ ಅಂದದ್ದು "ಮಾಕು ಚಚ್ಚಿಪೋಯಿಂದಿ". ನಮ್ಮ ಪಾಲಿಗೆ ಸತ್ತಳು. ಸಿಟ್ಟು ಬಂದಾಗ ಎಲ್ಲ ಅಪ್ಪಂದಿರೂ ಅನ್ನುವ ಮಾತು. ಫೈಲಿನಲ್ಲಿ ಏನಿದೆ? ಡಾಟರ್ ಎಕ್ಸ್‌ಪೈರ್ಡ್. ಸತ್ತ ಮಗಳ ದನಿ ಕೇಳಿಸುತ್ತದೆ. ಊರವರ ಮೇಲೆ ಅನುಮಾನ. ಕೆಳಗೆ ಕಾಯಿಲೆಯ ಹೆಸರು.

ಮಗಳು ಓಡಿಹೋದ ಮನೆಯ ಬಗ್ಗೆ ಊರು ಮಾತಾಡದೆ ಇನ್ನೇನು ಮಾಡುತ್ತದೆ? ಆಕೆ ಹೇಳಿದ್ದರಲ್ಲಿ ಒಂದಾದರೂ ಸುಳ್ಳಿತ್ತಾ? ಒಂದು?

15 ಜುಲೈ, ಮಂಗಳವಾರ

ಬೆಳಿಗ್ಗೆ ಓಪಿ ಶುರುವಾಗುವ ಮೊದಲೇ ಒಳಗೆ ಹೋದೆ. ಎಲ್ಲ ಹೇಳಿದೆ. ದನಿ ಏರಿತ್ತು, ಗೊತ್ತು.

ಡಾಕ್ಟರು ಫೈಲ್ ತರಿಸಿ ಓದಿದರು. "ಹಿಸ್ಟರಿ ಕೊಟ್ಟವನು ಗಂಡ. ಮಾತು ತಿರುಗಿಸಿ ಹೇಳಿದವರು ನೀವು. ನಾನು ಬರೆದುಕೊಂಡೆ."

"ನೀವು ಕೈ ಎತ್ತಿದಿರಿ ಸಾರ್."

"ಹೊರಗೆ ಎಷ್ಟು ಜನ ಇದ್ದರು?"

"ನಲವತ್ತೊಂದು."

ಫೈಲ್ ಮುಚ್ಚಿದರು. ಆಮೇಲೆ ಅವರು ಹೇಳಿದರು: ಮಗಳು ಬದುಕಿದ್ದರೂ ಆಕೆ ಊಟ, ನಿದ್ದೆ ಬಿಟ್ಟು ತಿಂಗಳುಗಟ್ಟಲೆ ಅಲೆದದ್ದು ನಿಜವಲ್ಲವಾ, ಅದಕ್ಕೂ ಚಿಕಿತ್ಸೆ ಬೇಕಿತ್ತು. ನಾನು ಅಂದೆ, ಫೋನ್ ವಾಪಸ್ ಕೊಡಿಸಬೇಕಿತ್ತು ಸಾರ್. ಅವರು ನಗಲಿಲ್ಲ. ಎಷ್ಟು ದಿನ ಅತ್ತರೆ ದುಃಖ, ಯಾವ ದಿನದಿಂದ ಕಾಯಿಲೆ — ಇದರ ಬಗ್ಗೆ ಪುಸ್ತಕ ಬರೆಯುವ ದೊಡ್ಡ ದೊಡ್ಡವರೇ ಜಗಳವಾಡುತ್ತಿದ್ದಾರಂತೆ. "ಶುಗರ್ ಆದರೆ ರಕ್ತ ತೆಗೆದು ನೋಡುತ್ತೇನೆ ಮಹೇಶ್ವರಿ ಗಾರೂ. ಇದಕ್ಕೆ ಯಾವ ಟೆಸ್ಟೂ ಇಲ್ಲ. ಪೇಷಂಟಿನ ಮಾತು ಒಂದೇ ನಮಗೆ."

"ಒಂದೇ ಇರುವುದು ಅಂದಮೇಲೆ ಅದನ್ನಾದರೂ ಪೂರ್ತಿ ಕೇಳಬಾರದಾ?"

ಸುಂಕಣ್ಣನಿಗೆ ಅವರೇ ಫೋನ್ ಮಾಡಿದರು. ಒಮ್ಮೆಲೇ ನಿಲ್ಲಿಸಬೇಡ, ಅಪಾಯ, ಅರ್ಧ ಮಾಡು, ಆಗಸ್ಟಿನಲ್ಲಿ ಕರೆತಾ. ಅವನು ಹೂಂ ಅಂದನಂತೆ. ಅವನ ಹೂಂ ನಾನು ನಂಬುವುದಿಲ್ಲ. ಭಾನುವಾರ ನಾನೇ ಕೋಸಗಿಗೆ ಹೋಗುತ್ತೇನೆ.

16 ಜುಲೈ. ಬೆಳಿಗ್ಗೆ

ನಿನ್ನೆ ಸಂಜೆ ಮನೆಯಲ್ಲಿ ಕೂಗಾಡಿದೆ. ಪಾತ್ರೆ ತಿಕ್ಕುತ್ತಾ ತಿಕ್ಕುತ್ತಾ. ಎಲ್ಲ ಮೋಸ, ಹೆಸರು ಹಚ್ಚಿ ಮಾತ್ರೆ ನುಂಗಿಸಿ ಮನುಷ್ಯರನ್ನು ಕಟ್ಟಿಗೆ ಮಾಡುತ್ತಾರೆ, ಇವರ ಪುಸ್ತಕಕ್ಕೆ ಬೆಂಕಿ ಬೀಳಲಿ... ಏನೇನೋ. ಹರೀಶ ಬಾಗಿಲಲ್ಲಿ ಕೂತು ಕೇಳುತ್ತಿದ್ದ. ಒಳ್ಳೆಯ ಹುಡುಗ.

2 ಆಗಸ್ಟ್, ಶನಿವಾರ

ಇಷ್ಟು ದಿನ ಈ ಡೈರಿ ಮುಟ್ಟಲಾಗಲಿಲ್ಲ. ಕೋಸಗಿಗೆ ಹೋಗಲೂ ಆಗಲಿಲ್ಲ.

ಹರೀಶ ಮಾತ್ರೆ ಬಿಟ್ಟಿದ್ದ. ಹದಿನಾರನೇ ತಾರೀಕಿನಿಂದಲೇ. ನನಗೆ ಗೊತ್ತಾಗಿದ್ದು ಅವನು ಅಂಗಡಿಯ ಜೆರಾಕ್ಸ್ ಮಷೀನು ತನ್ನ ಫೋಟೋ ತೆಗೆದು ಕಳಿಸುತ್ತಿದೆ ಎಂದು ವೈರು ಕಿತ್ತ ದಿನ. ಓನರ್ ಮನೆಗೆ ಕರೆತಂದು ಬಿಟ್ಟ. ಐದು ದಿನ ಸ್ನಾನವಿಲ್ಲ. ಅನ್ನದ ತಟ್ಟೆ ನನ್ನ ಮುಖಕ್ಕೇ ಎಸೆದ. ಹುಬ್ಬಿನ ಹತ್ತಿರ ಎರಡು ಹೊಲಿಗೆ ನನಗೆ.

"ಯಾಕ್ ಬಿಟ್ಟಿ?" ಅಂತ ಕೇಳಿದರೆ —

"ನೀನೇ ಅಂದೆಲ್ಲಕ್ಕ. ಎಲ್ಲಾ ಮೋಸ ಅಂತ. ನಾನೂ ಕಟ್ಟಿಗಿ ಆಗೀನೇನೋ ಅಂತ ನೋಡಾಕ ಬಿಟ್ಟೆ."

ಯಾರ ಮೇಲೆ ಸಿಟ್ಟಾಗಲಿ? ಅದೇ ಡಾಕ್ಟರು ನಮ್ಮ ಮನೆಗೆ ಬಂದರು. ಚಪ್ಪಲಿ ಬಿಟ್ಟು, ಹರೀಶನ ಎದುರು ನೆಲದ ಮೇಲೆ ಒಂದೂಕಾಲು ಗಂಟೆ ಕೂತರು. ಹರೀಶನಿಗೆ ತೆಲುಗು ಬರುತ್ತದೆ. ನಾನು ನಡುವೆ ಬೇಕಾಗಲಿಲ್ಲ. ಮಷೀನಿನ ಮಾತನ್ನೂ ಪೂರ್ತಿ ಕೇಳಿದರು, ಕೈ ಎತ್ತಲಿಲ್ಲ. ಅವನೇ ಕೈ ಚಾಚಿ ಮಾತ್ರೆ ತೆಗೆದುಕೊಂಡ. ಈಗ ಪರವಾಗಿಲ್ಲ, ನಿನ್ನೆ ತಲೆ ಬಾಚಿಕೊಂಡ.

ಹೊರಡುವಾಗ ಅವರಿಗೆ ಥ್ಯಾಂಕ್ಸ್ ಹೇಳಿದೆ. ಹೇಳುತ್ತಲೇ ಸಿಟ್ಟೂ ಬಂತು. ಇದು ಬರುತ್ತದೆ ಇವರಿಗೆ. ಒಂದೂಕಾಲು ಗಂಟೆ ಕೂರಲು ಬರುತ್ತದೆ. ಉರುಕುಂದಮ್ಮನಿಗೆ ಮಾತ್ರ ನಾಲ್ಕು ನಿಮಿಷ. ನನಗೆ ಮಾತ್ರೆಯ ಮೇಲೆ ಸಿಟ್ಟಲ್ಲ, ಈಗ ಗೊತ್ತಾಯಿತು. ಆ ನಾಲ್ಕು ನಿಮಿಷದ ಮೇಲೆ.

11 ಆಗಸ್ಟ್, ಸೋಮವಾರ. ಜೊತೆ ಕೆಲಸದ ರಾಮಲಕ್ಷ್ಮಿ ಕೌಂಟರಿನಲ್ಲಿದ್ದಾಳೆ, ನಾನು ಹಿಂದಿನ ರೂಮಿನಲ್ಲಿ

ಭುವನಾಗೆ ನಾನೇ ಹೇಳಿದ್ದೆ, ಇವತ್ತು ಬಾ ಅಂತ. ಬಾಲರಾಜನ ಜೊತೆ ಗುಂತಕಲ್ ಟ್ರೇನಿಗೆ ಬಂದಳು. ಸಣ್ಣಗೆ, ಕಪ್ಪಗೆ, ಅವ್ವನದೇ ಮೂಗು. ಬೆಂಚಿನ ಮೇಲೆ ಉರುಕುಂದಮ್ಮ ಕೂತಿದ್ದಳು. ಭುವನಾ ಓಡಿಹೋಗಿ ಅವ್ವನ ಕಾಲ ಹತ್ತಿರ ಕೂತಳು.

ಉರುಕುಂದಮ್ಮ ನೋಡಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಗೋಡೆಯನ್ನು ನೋಡಿದ ಹಾಗೆ.

ಭುವನಾ ಎದ್ದು ನನ್ನ ಹತ್ತಿರ ಬಂದಳು. "ಅವ್ವ ನಗಲೇ ಇಲ್ಲಕ್ಕ. ಅಷ್ಟು ಸಿಟ್ಟದಾಳೇನು ನನ್ನ ಮ್ಯಾಲ?"

"ಸಿಟ್ಟಲ್ಲಮ್ಮ. ಗುಳಿಗಿ. ಮಾರಿ ಬಿಗಿದೈತಿ. ನಗಾಕ ಬರವಲ್ದು ಆಕಿಗೆ."

ನಂಬಲಿಲ್ಲ ಹುಡುಗಿ. ಹೇಗೆ ನಂಬುತ್ತಾಳೆ? ಆರು ತಿಂಗಳು ಕಾದು ಬಂದವಳು. ಆಮೇಲೆ ಉರುಕುಂದಮ್ಮನ ಕೈ ನಡುಗುತ್ತಾ ನಡುಗುತ್ತಾ ಬಂದು ಮಗಳ ಮಣಿಕಟ್ಟು ಹಿಡಿಯಿತು. ಡಾಕ್ಟರ ಮುಂದೆ ಕೂತಾಗಲೂ ಬಿಡಲಿಲ್ಲ. ಉಗುರಿನ ಗುರುತು ಬಿತ್ತು.

ಅರ್ಧ ಡೋಸ್ ಅಂದಿದ್ದರಲ್ಲ? ಮಾತ್ರೆ ಎಣಿಸಿ ನೋಡಿದರೆ ಸುಂಕಣ್ಣ ಪೂರ್ತಿಯೇ ಕೊಡುತ್ತಿದ್ದ. ಡಾಕ್ಟರ ಮುಂದೆಯೇ ಕೇಳಿದೆ. ಕಾಲರ್ ಹಿಡಿಯಬೇಕು ಅನ್ನುವಷ್ಟು ಸಿಟ್ಟು.

"ಅರ್ಧ ಕೊಟ್ರ ಮತ್ತ ಸ್ಟೇಷನ್ನಿಗೆ ಹೋಗ್ತಾಳ" ಅಂದ. ಇವತ್ತು ತೆಲುಗು ಬಿಟ್ಟಿದ್ದ. "ಟ್ರೇನ್ ಹತ್ತಿದ್ರ ತಿರುಗಿ ಬರ್ತಾಳೇನ್ರಿ? ಮಗಳು ಹೋದಳು. ಈಕಿನೂ ಹೋದ್ರ ಮನ್ಯಾಗ ನಾನು, ಕುರಿ. ಕುರಿ ಜೋಡಿ ಮಾತಾಡ್ಲೇನು? ಆಗ ನಂಗೂ ಗುಳಿಗಿ ಬರಿತೀರಿ."

ಡಾಕ್ಟರು ನನ್ನ ಕಡೆ ನೋಡಿದರು. ಎಲ್ಲವನ್ನೂ ಹೇಳಿದೆ. ಕುರಿಯದನ್ನೂ, ಗುಳಿಗೆಯದನ್ನೂ. ಕಡೆಯ ಮಾತಿನವರೆಗೆ. ಅವರು ಕೈ ಎತ್ತಲಿಲ್ಲ. ಇಪ್ಪತ್ತೈದು ನಿಮಿಷ. ಹೊರಗೆ ಯಾರೋ ಬಾಗಿಲು ಬಡಿದರು, ಬಡಿಯಲಿ.

ಮಾತ್ರೆ ಇಳಿಸಿ ನಿಲ್ಲಿಸುವವರೆಗೆ ಉರುಕುಂದಮ್ಮ ಗುಂತಕಲ್ಲಿನಲ್ಲಿ, ಮಗಳ ಹತ್ತಿರ ಇರಲಿ ಎಂದರು ಡಾಕ್ಟರು. ಸುಂಕಣ್ಣ ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ಹಿಂದೆ ಹೋದನಂತೆ. ಬಾಲರಾಜನ ಹತ್ತಿರ ಮಾತಿಲ್ಲ. ಹೆಂಡತಿಯ ಬಟ್ಟೆ ಗಂಟು ಮಾತ್ರ ಅವನ ಕೈಗೆ ಕೊಟ್ಟು ತಿರುಗಿದನಂತೆ. ಅಯ್ಯೋ ಅನ್ನಲು ನನಗೆ ಮನಸ್ಸಿಲ್ಲ. ಇವತ್ತಂತೂ ಇಲ್ಲ.

12 ಆಗಸ್ಟ್

ಉರುಕುಂದಮ್ಮನ ಫೈಲಿನಲ್ಲಿ ಆ ಕಾಯಿಲೆಯ ಹೆಸರು ಹೊಡೆದುಹಾಕಿ ಅಂದೆ. ಹೊಡೆಯುವಂತಿಲ್ಲವಂತೆ. ಕೆಳಗೆ ಹೊಸದಾಗಿ ಬರೆದರು — ಮಗಳು ಜೀವಂತ, ಮೊದಲಿನ ಮಾಹಿತಿ ತಪ್ಪು, ಕಾಯಿಲೆಯ ಹೆಸರು ಮರುಪರಿಶೀಲನೆಯಲ್ಲಿ. ಅದು ಮೂರನೇ ಪುಟದಲ್ಲಿ. ನಾಳೆ ಇನ್ನೊಂದು ಆಸ್ಪತ್ರೆಗೆ ಜ್ವರಕ್ಕೆ ಹೋದರೂ ಮೊದಲ ಪುಟ ತೆರೆಯುತ್ತಾರೆ. ಮೂರನೇ ಪುಟ ಯಾರು ಓದುತ್ತಾರೆ?

ಕನ್ನಡದವರಿಗೆ ಇನ್ನುಮೇಲೆ ಬೇರೆ ಟೈಮು ಕೊಡಿ, ಇಲ್ಲದಿದ್ದರೆ ನಾನು ನಡುವೆ ನಿಲ್ಲುವುದಿಲ್ಲ ಎಂದೆ. ಗುರುವಾರ ಮಧ್ಯಾಹ್ನ ಕೊಟ್ಟರು. ವಾರಕ್ಕೆ ಒಂದು ಮಧ್ಯಾಹ್ನ. ಸಾಲದು.

7 ಸೆಪ್ಟೆಂಬರ್, ಭಾನುವಾರ. ಬೆಳಿಗ್ಗೆ 11

ಬಟ್ಟೆ ಹಿಂಡುತ್ತಿದ್ದೆ. ಭುವನಾ ಫೋನು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

"ಅಕ್ಕಾ, ಅವ್ವ ಬೈಯಾಕ ಹತ್ಯಾಳ! ಮುಂಜಾನಿಂದ ಬೈತಾಳ, ನಿಲ್ಲಸವಲ್ಲಳು. ಕೇಳ್ರಿ, ಕೇಳ್ರಿ."

ಸ್ಪೀಕರ್ ಹಾಕಿದಳು. ಉರುಕುಂದಮ್ಮನ ದನಿ. ಇನ್ನೂ ಸ್ವಲ್ಪ ತೊದಲು, ಆದರೆ ಏರಿದ ದನಿ. "ಹೇಳದ ಕೇಳದ ಓಡಿ ಬಂದಿಯಲ್ಲ, ನಿನ್ನ ಕಾಲಿಗೆ ಬ್ಯಾನಿ ಬರ್ಲಿ! ಒಂದು ಸೀರಿ ತರಲಿಲ್ಲ, ಒಂದು ಪಾತ್ರಿ ತರಲಿಲ್ಲ. ರೊಟ್ಟಿ ನೋಡು, ಚಪ್ಪಲಿ ಆಗ್ಯಾವ..." ಹಿಂದೆ ಬಾಲರಾಜ್ ನಗುವುದು ಕೇಳಿಸಿತು. ಹಿಂಡಿದ ಬಟ್ಟೆ ಕೈಯಲ್ಲೇ ಇತ್ತು, ಹಾಗೇ ನೆಲಕ್ಕೆ ಕೂತೆ. ಹರೀಶನೂ ಬಂದು ಪಕ್ಕ ಕೂತ.

ಬೈದು ಬೈದು ಸಾಕಾಗಿ ಫೋನ್ ತಾನೇ ತೆಗೆದುಕೊಂಡಳು.

"ಮಹೇಶ್ವರಮ್ಮಾ?"

"ಹೂಂ ಉರುಕುಂದಮ್ಮಾ, ಹೇಳ್ರಿ."

"ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಅವತ್ತು ಡಾಕ್ಟರ ಮುಂದ ನಿಂಗ ಎಲ್ಲಾ ಹೇಳಿದ್ನೆಲ್ಲ, ಫೋನ್ ಕಸಗೊಂಡಾರಂತ. ನೀ ಅವರಿಗೆ ಏನಂತ ಹೇಳಿದಿ?"

ಹರೀಶ ನನ್ನ ಮುಖ ನೋಡುತ್ತಿದ್ದ. ನಾನು ಹೇಳಿದೆ: "ಕೇಳಿಸ್ತೈತಂತ ಅಷ್ಟೇ ಹೇಳಿದೆ ಉರುಕುಂದಮ್ಮಾ. ಫೋನಿನ ಮಾತು ಬಿಟ್ಟೆ."