ಸೋತಾಗ ಬರುವ ಹಾಡು

ಅಣ್ಣಿಗೇರಿ
೧೨ ಮಾರ್ಚ್ ೧೯೮೯, ರವಿವಾರ

ನನ್ನ ಗುಡದಪ್ಪನಿಗೆ, ಅವ್ವ ಹನಮವ್ವ ತಲೆ ನೇವರಿಸಿ ಮಾಡುವ ಆಶೀರ್ವಾದ.

ಸೊಂಟದ ನೋವು ಹೇಗಿದೆ? ಮುಂಬಯಿ ಬಂದರಿನಲ್ಲಿ ಚೀಲ ಎತ್ತುವಾಗ ಶೂರತನ ತೋರಿಸಲು ಹೋಗಬೇಡ, ಮಲಗುವ ಮುಂಚೆ ಎಣ್ಣೆ ಕಾಸಿ ಹಚ್ಚಿಕೋ. ನಿನ್ನ ಅಪ್ಪನ ಕೆಮ್ಮು ಇಳಿದಿದೆ. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವಷ್ಟು ಉಸಿರಿದೆ, ನನ್ನನ್ನು ಬೈಯುವಷ್ಟಂತೂ ಇದ್ದೇ ಇದೆ. ನಿನ್ನ ಹೆಂಡತಿ ದುರಗವ್ವ ಆರಾಮ. ಅವಳ ಸುದ್ದಿಯನ್ನೇ ಬರೆಯಲು ಕೂತಿದ್ದೇನೆ.

ನಿನ್ನ ಕಾಗದ ಬಂದ ದಿನ ಎಲ್ಲರಿಗೂ ಓದಿ ಹೇಳಿದೆ. ಗಿಟಾರು ಮನೆಯಲ್ಲಿ ಸುಮ್ಮನೆ ಧೂಳು ತಿನ್ನುತ್ತಿರಬೇಕು, ನಮ್ಮ ಓಣಿಯ ಮಹಬೂಬಸಾಬ ಮುಂಬಯಿಗೆ ಬರುವಾಗ ಕೊಟ್ಟು ಕಳಿಸು ಎಂದು ಬರೆದಿದ್ದೀಯ. ಅವನು ನಾಳೆಯೇ ಹೊರಡುತ್ತಾನೆ. ದುರಗವ್ವ ಗಿಟಾರನ್ನು ಒರೆಸಿ, ಜಮಖಾನೆಯಲ್ಲಿ ಸುತ್ತಿ, ಗಂಟು ಕಟ್ಟಿ ಬಾಗಿಲ ಬಾಜು ಇಟ್ಟಿದ್ದಾಳೆ. ಆದರೆ ಮಗನೇ, ಅದರ ಮೇಲೆ ಧೂಳು ಕೂರದೆ ಎಂಟು ತಿಂಗಳಾಯಿತು. ನೀನು ಏನನ್ನುತ್ತೀಯೋ ಎಂದು ಅವಳು ಬರೆಯಲಿಲ್ಲ, ಅವಳ ಮುಖ ನೋಡಿ ನಾನೂ ಬಾಯಿ ಬಿಡಲಿಲ್ಲ.

ಹೋದ ಮಳೆಗಾಲದಲ್ಲಿ ನೀನು ತಂದ ಆಟದ ಡಬ್ಬಿ ಇದೆಯಲ್ಲ, ಟೀವಿಗೆ ಹಚ್ಚಿ ಆಡುವುದು, ಅದು ಬಾಜು ಮನೆಯ ಫಾತಿಮಾಬಿಯ ಪಾಲಾಯಿತು. ನಮ್ಮಲ್ಲಿ ಟೀವಿ ಎಲ್ಲಿದೆ? ಒಬ್ಬ ಸಣ್ಣ ಸಿಪಾಯಿ ಕೋಟೆ ಗೋಡೆ ಹತ್ತಬೇಕು, ಕೆಳಗೆ ನೀರು. ಫಾತಿಮಾಬಿಗೆ ಮೊಮ್ಮಕ್ಕಳಿದ್ದಾರೆ, ಆದರೂ ಮಧ್ಯಾಹ್ನ ಕೈ ತೊಳೆದದ್ದೇ ತಡ ಆ ಸಿಪಾಯಿಯನ್ನು ನೀರಿಗೆ ಕೆಡವಲು ಕೂತುಬಿಡುತ್ತಾಳೆ. ಎರಡನೆಯ ಗೋಡೆ ದಾಟಿದವರು ನಮ್ಮ ಓಣಿಯಲ್ಲೇ ಇಲ್ಲ. ನಾನು ಮೊದಲನೆಯದನ್ನೂ ದಾಟಿಲ್ಲ, ನಗಬೇಡ. ಆಟ ಶುರುವಾಗುವಾಗ ಒಂದು ಹಾಡು, ಸಿಪಾಯಿ ಬಿದ್ದಾಗ ಇನ್ನೊಂದು. ಬಿದ್ದ ಹಾಡನ್ನೇ ನಾವು ದಿನಕ್ಕೆ ನೂರು ಸಲ ಕೇಳಿದ್ದು. ನನಗೆ ತಲೆನೋವು ಬರುತ್ತಿತ್ತು. ದುರಗವ್ವ ಮಾತ್ರ ಕಾಳು ಆರಿಸುತ್ತ ಅದಕ್ಕೇ ಕಿವಿಗೊಟ್ಟು ಕೂತಿರುತ್ತಿದ್ದಳು. ‘ಅತ್ತೀ, ಇದರಾಗ ಮೂರು ದನಿ ಅದಾವ್ರಿ. ಒಂದು ಮ್ಯಾಲ, ಒಂದು ಕೆಳಗ, ನಡುವ ಒಂದು ಓಡ್ಯಾಡತೈತಿ’ ಎಂದಳು. ದುಮ್ಮವಾಡದ ಹಾರ್ಮೋನಿಯಂ ಪೇಟಿ ಮಾಸ್ತರನ ಮಗಳು, ಸುಮ್ಮನೆ ಬಿಡುತ್ತಾಳೆಯೇ?

ಲಗ್ನವಾದ ವರ್ಷ ನೀನು ಕಲಿಸಿದ ಗಿಟಾರಿನ ನಾಲ್ಕು ಹಿಡಿತಗಳಿಂದಲೇ ಶುರು ಮಾಡಿದಳು. ಕೆಳಗಿನ ದನಿಯನ್ನು ದಪ್ಪ ತಂತಿಗೆ ಕೊಟ್ಟಳು, ಮೇಲಿನದನ್ನು ಸಣ್ಣ ತಂತಿಯಲ್ಲಿ ಎಳೆದೆಳೆದು ಬಾರಿಸಿದಳು, ನಡುವಿನ ಓಡಾಟವನ್ನು ನಮ್ಮ ಬ್ಯಾಂಡಿನ ಸಣ್ಣ ಡ್ರಮ್ಮಿಗೆ ಒಪ್ಪಿಸಿದಳು. ನೀನು ಹುಬ್ಬಳ್ಳಿಯಲ್ಲಿ ಗಿಟಾರಿಗೆ ಹಾಕಿಸಿದ ವಾಯರನ್ನು ಬ್ಯಾಂಡಿನ ಹಳೆಯ ಸ್ಪೀಕರಿಗೆ ಜೋಡಿಸಿದ ದಿನ, ಡಬ್ಬಿಯಲ್ಲಿ ಟಿಂವ್ ಟಿಂವ್ ಎನ್ನುತ್ತಿದ್ದ ಹಾಡು ಹಿತ್ತಲಲ್ಲಿ ಗುಡುಗಿತು. ಕೋಳಿಗಳೆಲ್ಲ ಬೇಲಿ ಹಾರಿದವು. ಸ್ಪೀಕರಿನ ಒಳಗಿನ ಕಾಗದ ಹರಿದದ್ದು ನಿನಗೆ ಗೊತ್ತು. ನಿನ್ನ ಅಪ್ಪ ಗೋಂದು ಹಿಡಿದು ಅಂಟಿಸಲು ಹೋದರೆ ಕೈ ಅಡ್ಡ ಹಾಕಿದಳು. ‘ಬ್ಯಾಡ್ರಿ ಮಾವಾ, ಹರದದ್ದ ಛಲೋ ಐತಿ. ಅದಕ್ಕ ಇಷ್ಟು ಗರ್ಜಸತೈತಿ.’ ‘ನಲವತ್ತು ವರ್ಷ ಊದೀನಿ, ಹರಕು ದನಿಗೆ ಛಲೋ ಅಂದಾಕಿನ್ನ ಇವತ್ತ ನೋಡಿದೆ’ ಎಂದು ಅವರು ಗೊಣಗಿದರು. ಮರುದಿನ ಅವಳ ಪಕ್ಕದಲ್ಲಿ ದೊಡ್ಡ ಡೋಲು ಹಿಡಿದು ಕೂತವರೂ ಅವರೇ.

ಹೋದ ವಾರ ನವಲಗುಂದದ ಒಂದು ಮದುವೆಯಲ್ಲಿ ವರನ ಮೆರವಣಿಗೆ ನಮ್ಮ ಬ್ಯಾಂಡಿನದು. ಕೈಗಾಡಿಯ ಮೇಲೆ ಸ್ಪೀಕರು, ಬ್ಯಾಟರಿ. ಬದಿಯಲ್ಲಿ ಸೆರಗು ಸಿಕ್ಕಿಸಿಕೊಂಡು ಗಿಟಾರು ಹಿಡಿದ ದುರಗವ್ವ. ನೋಡಲೆಂದೇ ನಾನೂ ಹೋಗಿದ್ದೆ. ಗಿಟಾರಿನ ಜೊತೆ ಬ್ಯಾಂಡಿನವರಿಗೆ ಕರಗತವಾಗಿದ್ದದ್ದು ಒಂದೇ ಹಾಡು, ಸಿಪಾಯಿ ನೀರಿಗೆ ಬೀಳುವುದು. ಹಾಡು ಯಾವುದಾದರೇನು, ದನಿ ಚೆನ್ನಾಗಿದ್ದರಾಯಿತು ಎಂದುಕೊಂಡಿದ್ದೆವು. ವರ ಕುದುರೆ ಏರಿದ, ಇವಳು ಶುರು ಮಾಡಿದಳು. ವರನ ಗೆಳೆಯರು ಹುಬ್ಬಳ್ಳಿಯ ಕಾಲೇಜಿನವರು, ಅವರಿಗೆ ಆ ಆಟ ಗೊತ್ತಿತ್ತು. ‘ಲೇ, ಇದು ಸೋತಾಗ ಬರೂ ಮ್ಯೂಸಿಕ್ಕಲೇ!’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ವರನ ಸೋದರಮಾವ ಹೊಳೆಪ್ಪನ ಕಿವಿಗೆ ಅದು ಬಿತ್ತು. ಕುದುರೆಯ ಹಗ್ಗ ಹಿಡಿದು ಮೆರವಣಿಗೆ ನಿಲ್ಲಿಸಿಬಿಟ್ಟ. ‘ಮದವಿ ಮನಿಗೆ ಸೋತ ಹಾಡು ತಂದೀರೇನ್ರಿ? ಅಪಶಕುನ! ಬಂದ್ ಮಾಡ್ರಿ ಮೊದಲ!’

ನಿನ್ನ ಅಪ್ಪ ಆಗಲೇ ಕೈ ಮುಗಿಯಲು ಹೊರಟಿದ್ದರು. ದುರಗವ್ವ ತಂತಿಯಿಂದ ಬೆರಳು ತೆಗೆಯಲೇ ಇಲ್ಲ. ‘ತಡೀರಿ ಕಾಕಾ, ಇನ್ನೂ ಮುಗದಿಲ್ಲ. ಸೋತ ಮ್ಯಾಲನ ಅಲ್ಲೇನ್ರಿ ಆಟ ಮತ್ತ ಸುರು ಆಗೂದು?’ ಎಂದವಳೇ ಶುರುವಿನ ಹಾಡಿಗೆ ಹಾರಿದಳು. ಅದನ್ನು ಅವಳು ನಮ್ಮೆದುರು ಒಮ್ಮೆಯೂ ಬಾರಿಸಿರಲಿಲ್ಲ. ಡ್ರಮ್ಮಿನವರು ಎರಡು ಪೆಟ್ಟು ತಪ್ಪಿದರು, ಮೂರನೆಯದಕ್ಕೆ ಹಿಡಿದರು. ನಕ್ಕ ಹುಡುಗರೇ ‘ರಾಕ್! ರಾಕ್!’ ಎಂದು ಕೂಗಿ ಕುಣಿದರು. ಗಿಟಾರಿನ ಇಂಥ ಆರ್ಭಟಕ್ಕೆ ಹಾಗೆ ಹೆಸರಂತೆ. ಹೊಳೆಪ್ಪ ಕುಣಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ರುಮಾಲು ಸರಿಮಾಡಿಕೊಂಡು ಹಗ್ಗ ಬಿಟ್ಟ.

ಬ್ಯಾಂಡಿನ ಯಜಮಾನನೇ ಎಲ್ಲರ ಮುಂದೆ ನಡೆಯಬೇಕು, ಇದು ನಿನ್ನ ಮುತ್ತಜ್ಜನಿಂದ ಬಂದ ಪದ್ಧತಿ. ಜ್ವರವಿದ್ದಾಗಲೂ ಆ ಜಾಗ ಬಿಡದ ನಿನ್ನ ಅಪ್ಪ, ಕ್ಲಾರಿನೆಟ್ಟನ್ನು ಬಗಲಲ್ಲಿ ಸಿಕ್ಕಿಸಿ ಬದಿಗೆ ಸರಿದರು. ‘ನೀ ಮುಂದ ನಡಿಯವ್ವಾ’ ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಸೊಸೆಯನ್ನು ಹೊಗಳುವ ಚಾಳಿ ನನಗಿಲ್ಲ, ರೊಟ್ಟಿ ಇನ್ನೂ ದಪ್ಪವೇ ಬಡಿಯುತ್ತಾಳೆ. ಆದರೆ ಗುಡದಪ್ಪ, ಒಲೆಯ ಮುಂದೆ ನನ್ನ ಪಕ್ಕ ಕೂತವಳು ಇವಳೇನಾ ಎಂದು ಬೆರಗಾಯಿತು. ಅಂಥ ಹೆಮ್ಮೆ ನನಗೆ ಈ ಜನ್ಮದಲ್ಲಿ ಆಗಿರಲಿಲ್ಲ.

ಫಾತಿಮಾಬಿ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಕಾಲು ಗಟ್ಟಿಯಾಗಿರಲಿ, ಮನಸ್ಸು ತಂಪಾಗಿರಲಿ.

ನಿನ್ನ ಅವ್ವ,
ಹನಮವ್ವ

ತಾ.ಕ.: ಸೋಮವಾರ ಬೆಳಿಗ್ಗೆ. ಮಹಬೂಬಸಾಬ ಬಾಗಿಲಲ್ಲಿ ನಿಂತು ರೈಲಿನ ಅವಸರ ಮಾಡುತ್ತಿದ್ದಾನೆ. ಈಗಷ್ಟೇ ಕುಂದಗೋಳದವರು ಮುಂದಿನ ತಿಂಗಳ ಮದುವೆಗೆ ವೀಳ್ಯ ತಂದಿದ್ದರು. ನಿನ್ನ ಅಪ್ಪ ಕೈ ಒಡ್ಡಲಿಲ್ಲ, ‘ಆಕಿ ಕೈಯಾಗ ಕೊಡ್ರಿ’ ಎಂದರು. ವೀಳ್ಯ ಹಿಡಿದ ಮೇಲೆ ಬಾರಿಸಲೇಬೇಕು, ನಿನಗೆ ಹೇಳುವುದೇನು. ಅವಳು ಕೈ ಹಿಂದೆ ಕಟ್ಟಿಕೊಂಡು, ‘ಗಿಟಾರ ಅವರದು, ಅವರು ಕೇಳ್ಯಾರ’ ಎಂದು ನಿಂತಳು. ನಾನೇ ಗಂಟು ಬಿಚ್ಚಿದೆ. ಆಮೇಲೆ ವೀಳ್ಯ ಹಿಡಿದಳು. ಗಿಟಾರು ಬರುವುದಿಲ್ಲ ಮಗನೇ, ಜಮಖಾನೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದೇನೆ. ಸಿಟ್ಟೆಲ್ಲ ನನ್ನ ಮೇಲಿರಲಿ. ಅವಳಿಗೆ ಮಾತ್ರ ‘ಬಾರಿಸು’ ಎಂದು ನಿನ್ನ ಕೈಯಿಂದ ಒಂದು ಸಾಲು ಬರೆ. ನಿನ್ನ ಅಪ್ಪನ ಒಪ್ಪಿಗೆ ಸಿಕ್ಕಿತು, ನನ್ನದೂ ಸಿಕ್ಕಿತು. ಇನ್ನು ಅವಳು ಟಪಾಲಿನವನ ದಾರಿ ಕಾಯುವುದು ನಿನ್ನದಕ್ಕೆ.