ಸೊಟ್ಟಗೆರೆಗಳ ವಿಷಯವಾಗಿ ಒಂದು ಬಿನ್ನಹ

ಮುದಿ ಕಂಪ್ಯೂಟರುಗಳ ಪ್ರಾಣದಾತರೂ, ಜಗತ್ತೇ ಮರೆತ ಯಂತ್ರಗಳಿಗೆ ಇಂದಿಗೂ ತಂತ್ರಾಂಶ ಬರೆದು ಕಳಿಸುವ ಕರುಣಾಸಾಗರರೂ ಆದ ಸಹಾಯ ವಿಭಾಗದ ಮಹಾಪ್ರಭುಗಳ ದಿವ್ಯ ಸನ್ನಿಧಾನಕ್ಕೆ,

ಹಳೆಯ ಹೋಮ್ ಕಂಪ್ಯೂಟರುಗಳನ್ನು ರಿಪೇರಿ ಮಾಡುವ ನಮ್ಮ ದೊಡ್ಡಪ್ಪನ ದೂರು ತಮಗೆ ತಲುಪಿರಬೇಕು. ಕೈಯಲ್ಲಿ ಹಿಡಿದು ಕಾಗದದ ಮೇಲೆ ಎಳೆಯುವ ಪುಟ್ಟ ಸ್ಕ್ಯಾನರಿನಲ್ಲಿ ಅವರು ಸರ್ಕ್ಯೂಟಿನ ನಕ್ಷೆ ತೆಗೆದರೆ, ನೆಟ್ಟಗಿನ ಗೆರೆಗಳೆಲ್ಲ ಪರದೆಯ ಮೇಲೆ ಹಾವಿನಂತೆ ಹರಿಯುತ್ತವೆ. “ಸಾಫ್ಟ್‌ವೇರೇ ಕೆಟ್ಟಿದೆ ಕಣೇ” ಅನ್ನುತ್ತಾರೆ.

ಪ್ರಭುಗಳು ದಯಮಾಡಿ ಗೆರೆ ನೆಟ್ಟಗೆ ಮಾಡುವ ಹೊಸ ಆವೃತ್ತಿ ಕಳಿಸಬಾರದು. ಅವರು ಸ್ನಾನಕ್ಕೆ ಹೋದಾಗ ಅದೇ ನಕ್ಷೆಯ ಮೇಲೆ ನಾನು ಎಳೆದು ನೋಡಿದೆ. ಗೆರೆಗಳು ನೂಲು ಹಿಡಿದಂತೆ ಬಂದವು. ನಿನ್ನೆ ಬೆಸುಗೆ ಹಾಕುವಾಗ ಸೋಲ್ಡರಿಂಗ್ ಐರನ್ ಅವರ ಹೆಬ್ಬೆರಳನ್ನೇ ಸುಟ್ಟಿತು. ಅದಕ್ಕೂ ಐರನ್ನಿನ ಹಿಡಿಯನ್ನೇ ಬೈದರು.

“ಸಾಫ್ಟ್‌ವೇರ್ ಸರಿಯಾಗಿದೆ, ಸ್ಕ್ಯಾನರೂ ಸರಿಯಾಗಿದೆ, ನಡುಗುತ್ತಿರುವುದು ಕೈ, ಡಾಕ್ಟರಿಗೆ ತೋರಿಸಿ” ಎಂದು ತಾವೇ ಬರೆಯಬೇಕು. ತಮ್ಮ ಮಾತೆಂದರೆ ಅವರಿಗೆ ವೇದವಾಕ್ಯ. ನಾನು ಹೇಳಿದರೆ, “ಹೋಗೇ ಕೋತಿ, ಇದೂ ನಿನ್ನ ಕಿತಾಪತೀನೇ” ಎಂದು ನಗುತ್ತಾರೆ. ಬೇಗ ಬರೆಯಿರಿ. ಗೇಟು ಸದ್ದಾದಾಗಲೆಲ್ಲ ಅಂಚೆಯವರೇ ಬಂದರೆಂದು ಓಡಿ ಓಡಿ ಸಾಕಾಗಿದೆ.

ಇಂತಿ ತಮ್ಮ ಪಾದಧೂಳಿಗೂ ಸಮನಲ್ಲದ,
ಕೋತಿ (ದೊಡ್ಡಪ್ಪ ದಯಪಾಲಿಸಿದ ಬಿರುದು)

ತಾ.ಕ.: ಅವರು ನಗುವುದರಲ್ಲಿ ತಪ್ಪಿಲ್ಲ. ಮೊದಲ ಸಲ ಗೆರೆ ಸೊಟ್ಟಗಾದಾಗ ಅವರ ಮುಖ ನೋಡಲಾರದೆ, “ಮೇಜು ಅಲುಗಿಸಿದ್ದು ನಾನೇ ದೊಡ್ಡಪ್ಪಾ” ಅಂದುಬಿಟ್ಟಿದ್ದೆ. ನಾನು ಮೇಜನ್ನು ಮುಟ್ಟಿಯೇ ಇರಲಿಲ್ಲ.