ಮಾತಾಡದ ಅಕ್ಕ

11 ಸೆಪ್ಟೆಂಬರ್, ಗುರುವಾರ. ಸಂಜೆ 7.10

ಗುಂಡ್ಲುಪೇಟೆ ಬಸ್ಸು ತಡ. ಚಾಮರಾಜನಗರದಿಂದ ತೆರಕಣಾಂಬಿವರೆಗೂ ನಿಂತೇ ಬಂದೆ. ಅಂಗಡಿಯಲ್ಲಿ ಇಡೀ ದಿನ ಜೆರಾಕ್ಸ್ ಮೆಷಿನ್ ಕಾಗದ ನುಂಗಿತು. ಮನೆಯಲ್ಲಿ ಅವ್ವ — “ಮೀನಾ ಫೋನು ಸುಮ್ನೆ ಬಿದ್ದದೆ ಕಣ್ ನಾಗಮಣಿ. ನಿಮ್ಮಾವ ರಾಜಣ್ಣಂಗಾದ್ರೂ ಕೊಟ್ಬುಡು.”

ತಂಗಿ ಮೀನಾ ಜ್ವರದಲ್ಲಿ ತೀರಿಹೋಗಿ ವರ್ಷ ದಾಟಿತು. ಅವಳ ಫೋನನ್ನು ಬೀರುವಿನಿಂದ ತೆಗೆದು ಚಾರ್ಜಿಗೆ ಹಾಕಿದೆ. ಲಾಕೂ ಇಲ್ಲ. ಕಥೆಗಳ ಆ್ಯಪೊಂದರಲ್ಲಿ ಅವಳ ಹೆಸರಿಗೆ ರಾಶಿ ಕಾಮೆಂಟು. ಎಲ್ಲರದೂ ಒಂದೇ — ಮುಂದಿನ ಭಾಗ ಯಾವಾಗ?

13, ಶನಿವಾರ

“ಅರಿಶಿನದ ಅಂಗಳ” ಸೀರಿಯಲಿನಲ್ಲಿ ನಾಯಕಿ ಪಾವನಿಯನ್ನು ಸಾಯಿಸಿದ ದಿನ ಮೀನಾ ಊಟ ಬಿಟ್ಟಿದ್ದಳು. ಬೈದಿದ್ದೆ. ಆ ಆ್ಯಪಿನಲ್ಲಿ ಅವಳು ಪಾವನಿಯನ್ನು ಬದುಕಿಸಿ ನಲವತ್ತೊಂದು ಭಾಗ ಬರೆದಿದ್ದಾಳೆ! ಅವಳೊಬ್ಬಳೇ ಅಲ್ಲ. ಒಬ್ಬರ ಕಥೆಯಲ್ಲಿ ಪಾವನಿ ಪೊಲೀಸ್. ಇನ್ನೊಬ್ಬರಲ್ಲಿ ಊಟಿ ಬಸ್ಸಿನ ಕಂಡಕ್ಟರ್. ಮತ್ತೊಂದರಲ್ಲಿ ಪಾವನಿಯ ಅತ್ತೆ ದೆವ್ವ ಮೆಟ್ಟಿಕೊಂಡ ಮೇಲೆ ಒಳ್ಳೆಯವಳಾಗುತ್ತಾಳೆ. ನಕ್ಕುಬಿಟ್ಟೆ. ನಕ್ಕಿದ್ದಕ್ಕೆ ಸಿಟ್ಟು ಬಂತು.

14, ಭಾನುವಾರ

ಸೀರಿಯಲಿನಲ್ಲಿ ಪಾವನಿಗೆ ಅಕ್ಕ ಇಲ್ಲ. ಮೀನಾ ತನ್ನ ಕಥೆಯಲ್ಲಿ ಒಬ್ಬಳನ್ನು ಸೇರಿಸಿದ್ದಾಳೆ. ಆ ಅಕ್ಕ ಬಡಿಸುತ್ತಾಳೆ, ಬಟ್ಟೆ ಮಡಚುತ್ತಾಳೆ. ಒಂದು ಮಾತೂ ಆಡುವುದಿಲ್ಲ.

ಹದಿನೇಳನೇ ಭಾಗ. ಹುಟ್ಟುಹಬ್ಬಕ್ಕೆ ಅಕ್ಕ ಕೇಸರಿಬಾತ್ ಮಾಡುತ್ತಾಳೆ. ಪಾವನಿಗೆ ಅದು ಸೇರದು. ಹುರುಳಿಕಾಳು ಉಪ್ಸಾರು ಅಂದರೆ ಪ್ರಾಣ. ಆದರೂ ಅಕ್ಕನಿಗೆ ಬೇಜಾರಾಗಬಾರದೆಂದು ತಿನ್ನುತ್ತಾಳೆ.

ಮೀನಾ ಹುಟ್ಟುಹಬ್ಬಕ್ಕೆ ನಾನೂ ಪ್ರತಿ ವರ್ಷ ಕೇಸರಿಬಾತನ್ನೇ ಮಾಡಿದೆ. ಸತ್ತ ಮೇಲೆ ವರ್ಷದ ಎಡೆಗೂ ಅದನ್ನೇ ಇಟ್ಟೆ...

ಅವಳು ಬರೆದ ಕೊನೆಯ ಸಾಲು: “ಅಕ್ಕ ಬಾಗಿಲಲ್ಲಿ ನಿಂತಳು. ಬಾಯಿ ತೆರೆದಳು.” ಅಷ್ಟೇ.

17, ಬುಧವಾರ. ಸಂಜೆ

ನಲವತ್ತೆರಡನೇ ಭಾಗ ನಾನೇ ಬರೆದು ಹಾಕಿದೆ. ಅಕ್ಕನ ಬಾಯಲ್ಲಿ ಒಂದು ಪುಟ ಬುದ್ಧಿಮಾತು. ಓದುವವರೆಲ್ಲ ಉಗಿದರು. ಅವರಲ್ಲೊಬ್ಬಳು ಕುದೇರಿನ ನಾಗರತ್ನ ಅಂತೆ — “ಇದು ನಮ್ ಮೀನಾ ಬರ್ದದ್ದಲ್ಲ. ಅಕ್ಕ ಏನ್ ಹೆಡ್‌ಮಿಸ್ಸಾ?” ಡಿಲೀಟ್ ಮಾಡಿದೆ. ಮತ್ತೆ ಬರೆದೆ. ಮತ್ತೆ ಅಳಿಸಿದೆ. ಎಸೆಸೆಲ್ಸಿ ಪಾಸಾದವಳಿಗೆ ಒಂದು ಮಾತು ಹುಟ್ಟುವುದಿಲ್ಲವಲ್ಲ!

20, ಶನಿವಾರ. ಸಂಜೆ 6.40

ಅವ್ವ ರವೆ ತಂದಿಟ್ಟಿದ್ದಾಳೆ. ಬೇಡ ಅಂದೆ.

“ಕೇಸರಿಬಾತಿಲ್ದೆ ಮೀನಂಗೆ ಎಡೆ ಇಕ್ಕದಾ? ಅವ್ಳ್ಗೆ ಅದ್ರ ಮ್ಯಾಲೇ ಜೀವ.”

“ಸೇರ್ತಿರ್ನಿಲ್ಲ ಕಣವ್ವ.”

“ಯಾರಂದೋರು?”

“ಅವ್ಳೇ ಬರ್ದವ್ಳೆ.”

ಅವ್ವ ಸೊಪ್ಪು ಸೋಸುವುದು ಬಿಟ್ಟಳು. “ಎಲ್ಲಿ, ಓದು.”

ಹದಿನೇಳನೇ ಭಾಗ ಓದಿದೆ. ಅವ್ವ ರವೆ ಡಬ್ಬಿ ತಾನೇ ಅಟ್ಟದ ಮೇಲಿಟ್ಟಳು.

ಆಮೇಲೆ ಒಂದೇ ಸಾಲು ಬರೆದು ಹಾಕಿದೆ. ಅಕ್ಕ ಅಂದಳು — “ಬ್ಯಾಡ ಅಂತ ಒಂದ್ಸಲ ಬಾಯ್ಬುಟ್ಟು ಹೇಳ್ಬಾರ್ದಿತ್ತಾ ಕಣಮ್ಮಿ?”

ಐದು ನಿಮಿಷಕ್ಕೆ ಕುದೇರಿನ ನಾಗರತ್ನ — “ಅಯ್ಯೋ, ಅಕ್ಕ ಮಾತಾಡುದ್ಲು! ಪಾವನಿ ಏನಂದ್ಲು?”

ಅದು ನನಗೆ ಗೊತ್ತಿದ್ದರೆ...

ಹುರುಳಿಕಾಳು ನೆನೆಹಾಕಿದೆ. ನಾಳೆ ಮಹಾಲಯ ಅಮಾವಾಸ್ಯೆ, ಎಡೆ.